ಅಪ್ಪನ ದನಿಯಲ್ಲಿ ಮಾತಾಡಿದವನು

ಅಪ್ಪ ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ ಅವರ ದನಿಯನ್ನು ನಾವು ಮೈಕಿನಲ್ಲಿ ಕೇಳಿದೆವು. ನಾನು ವೇದಿಕೆಯ ಪಕ್ಕದಲ್ಲಿ ಕೋರಸ್ಸಿನ ಹುಡುಗಿಯರ ಜೊತೆ ನಿಂತಿದ್ದೆ. ಅಮ್ಮ ಎದುರಿನ ಜಮಖಾನದ ಮೇಲೆ ಹೆಂಗಸರ ನಡುವೆ ಕೂತಿದ್ದಳು. ಹೀಗೊಂದು ಆಗುತ್ತದೆ ಅಂತ ನಮ್ಮಿಬ್ಬರಿಗೂ ಯಾರೂ ಹೇಳಿರಲಿಲ್ಲ.

ಆಗ ನಾವಿದ್ದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಅಪ್ಪ ಕಾಮಾಕ್ಷಿಪಾಳ್ಯದ ಕಡೆ ಒಂದು ಸಣ್ಣ ಶೆಡ್ಡಿನಲ್ಲಿ ಕರೆಂಟಿನ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ತಗಡಿನ ಹಾಳೆ ಒಳಗಿಟ್ಟು ಕಾಲಿನಿಂದ ಒತ್ತಿದರೆ ಡಬ್ಬಿಯ ಮುಚ್ಚಳ ಕೆಳಗೆ ಬೀಳುತ್ತಿತ್ತು. ಒಂದು ಮಳೆಗಾಲದ ಬೆಳಿಗ್ಗೆ ಆ ಮೆಷಿನ್ನಿನ ಹತ್ತಿರವೇ ಶಾಕ್ ಹೊಡೆದು ಸತ್ತರು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದರು, ಅವರದೇ ಅಜಾಗರೂಕತೆ ಅಂತ ಶೆಡ್ಡಿನ ಮಾಲೀಕ ಹೇಳಿದ. ಕಾರ್ಮಿಕ ಇಲಾಖೆಯವರೂ ಹಾಗೇ ಬರೆದುಕೊಂಡು ಹೋದರು, ಬಂದು ಹೋದ ಎಲ್ಲರೂ ಅದನ್ನೇ ಹೇಳಿದರು. ನಾವೂ ನಂಬಿದೆವು.

ಅವತ್ತು ಬೆಳಿಗ್ಗೆ ಅಪ್ಪ ಅಂಗಿ ಹಾಕಿಕೊಂಡವರು ಹೊರಡದೆ ಹೊಸಿಲ ಹತ್ತಿರ ಸುಮ್ಮನೆ ಕೂತಿದ್ದರು. "ಇವತ್ತು ಹೋಗೋದು ಬೇಡ ಅನ್ಸುತ್ತೆ" ಅಂದರು. ಅಮ್ಮ ಒಲೆಯ ಮುಂದಿನಿಂದಲೇ, "ಮಳೆ ಬಂತು ಅಂತ ಮನೇಲಿ ಕೂತ್ರೆ ಆಗುತ್ತಾ? ಎದ್ದೇಳಿ, ಹೊತ್ತಾಯ್ತು" ಅಂದಳು. ಅಪ್ಪ ಎದ್ದು ಹೋದರು. ನಾನು ತಲೆ ಬಾಚಿಕೊಳ್ಳುತ್ತಾ ಎರಡೂ ಮಾತು ಕೇಳಿಸಿಕೊಂಡಿದ್ದೆ. ಅಷ್ಟೇ ನಡೆದದ್ದು. ಆಮೇಲೆ ಅಮ್ಮ ಆ ಬೆಳಗಿನ ಸುದ್ದಿ ಎತ್ತಲೇ ಇಲ್ಲ. ಆದರೆ ಕೆಲಸ ಮುಗಿಸಿ ಕೂರುವಾಗ ಆ ಹೊಸಿಲ ಹತ್ತಿರವೇ ಹೋಗಿ ಕೂರುತ್ತಿದ್ದಳು.

ನಾನು ಟೈಪಿಂಗ್ ಕಲಿತು ಒಂದು ಜಾಬ್ ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿಗೆ ವಿಜಯನಗರದಿಂದ ಒಬ್ಬ ಲೆಕ್ಚರರ್ ಮೇಡಂ ಕರಪತ್ರದ ಸ್ಟೆನ್ಸಿಲ್ ಮಾಡಿಸಲು ಬರುತ್ತಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರು, ಕವಿತೆ ಬರೆಯುತ್ತಿದ್ದರು. ಗೆಳೆಯರನ್ನು ಸೇರಿಸಿಕೊಂಡು ಪ್ರತಿ ಬೇಸಿಗೆಯಲ್ಲಿ ಬಸವೇಶ್ವರನಗರದ ದಾರಿಯ ಖಾಲಿ ಮೈದಾನದಲ್ಲಿ ಒಂದು ಮೇಳ ನಡೆಸುತ್ತಿದ್ದರು. ಸಂಜೆ ಬಿಸಿಲು ಇಳಿದ ಮೇಲೆ ತಮಟೆ ಬಡಿದು ಶುರು ಮಾಡಿದರೆ ಹಾಡು, ಕವಿತೆ, ನಗೆನಾಟಕ, ಮಿಮಿಕ್ರಿ, ನಡುನಡುವೆ ಭಾಷಣ. ಒಂದು ಮೂಲೆಯಲ್ಲಿ ಮನವಿಗೆ ಸಹಿ ಹಾಕಿಸಿಕೊಳ್ಳುವ ಮೇಜು, ಇನ್ನೊಂದು ಮೂಲೆಯಲ್ಲಿ ಉಪ್ಪುಖಾರ ಹಚ್ಚಿದ ಮಾವಿನಕಾಯಿ. ಜನ ಭಾಷಣಕ್ಕೆ ಎದ್ದು ಹೋಗುತ್ತಿದ್ದರು, ಮಿಮಿಕ್ರಿಗೆ ಓಡಿ ಬರುತ್ತಿದ್ದರು.

ನಾನು ಟೈಪ್ ಮಾಡುವಾಗ ಗುನುಗುವುದನ್ನು ಕೇಳಿ ಮೇಡಂ, "ಏನಮ್ಮ, ಇಷ್ಟು ಚೆನ್ನಾಗಿ ಹಾಡ್ತೀಯ, ಈ ಸಲ ಕೋರಸ್ಸಿಗೆ ಬಂದ್ಬಿಡು" ಅಂದರು. ಆ ವರ್ಷ ಅವರು ಸಣ್ಣ ಶೆಡ್ಡುಗಳಲ್ಲಿ ದುಡಿಯುವವರ ಸುರಕ್ಷತೆಯ ವಿಷಯ ಎತ್ತಿಕೊಂಡಿದ್ದರು. ನನ್ನ ಅಪ್ಪ ಹೇಗೆ ಸತ್ತರು ಅಂತ ಅವರಿಗೆ ನಾನು ಹೇಳಿರಲಿಲ್ಲ. ಹೇಳಲು ಅದರಲ್ಲಿ ಏನಿದೆ, ನಮ್ಮದೇ ತಪ್ಪಲ್ಲವೇ ಅನ್ನಿಸುತ್ತಿತ್ತು. ಅಮ್ಮನನ್ನು ಬಲವಂತ ಮಾಡಿ ಹೊರಡಿಸಿದವಳು ನಾನು. ಮನೆಯಲ್ಲಿ ಕೂತು ಕೂತು ಅವಳು ಒಣಗಿ ಹೋಗುತ್ತಿದ್ದಳು.

ಆ ಸಂಜೆ ಸೆಕೆ ಬಹಳ ಇತ್ತು. ಮೋಡ ಕಟ್ಟಿದ್ದರೂ ಮಳೆ ಬರಲಿಲ್ಲ. ಎರಡು ಹಾಡಾದ ಮೇಲೆ ಮಿಮಿಕ್ರಿಯವನು ಬಂದ. ಲಗ್ಗೆರೆ ಕಡೆಯ ತೆಳ್ಳನೆಯ ಯುವಕ, ಕುತ್ತಿಗೆಗೆ ಕರ್ಚೀಫು ಸುತ್ತಿಕೊಂಡಿದ್ದ. ಅಪ್ಪನ ಶವದ ಹಿಂದೆ ನಡೆದು ಬಂದ ಶೆಡ್ಡಿನವರಲ್ಲಿ ಇವನೂ ಒಬ್ಬ ಅಂತ ಆಮೇಲೆ ನೆನಪಾಯಿತು. "ನಮ್ಮ ಶೆಡ್ಡಿನಲ್ಲಿ ಒಂದು ದಿನ ತೋರಿಸ್ತೀನಿ" ಅಂತ ಶುರು ಮಾಡಿದ. ಮಾಲೀಕ ಗದರುವುದು, ತಪಾಸಣೆಗೆ ಬಂದ ಸಾಹೇಬರು ಕಾಫಿ ಕುಡಿದು ತೇಗಿ ಹೋಗುವುದು, ಪ್ರೆಸ್ ಮೆಷಿನ್ನಿನ ಧಡ್ ಧಡ್ ಸದ್ದು, ಎಲ್ಲ ಒಂದೇ ಬಾಯಲ್ಲಿ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಆಗ ಅವನು ಗಂಟಲು ಸರಿ ಮಾಡಿಕೊಂಡ. ಮಾತಿಗೆ ಮುಂಚೆ ಎರಡು ಸಲ, ಮೂಗಿನಿಂದ. ನಾನು ನಗು ನಿಲ್ಲಿಸಿದೆ.

"ಏನ್ ಸ್ವಾಮೀ... ಮೆಷಿನ್ನು ಕಚ್ತಾ ಇದೆ ಅಂತ ನಿನ್ನೆಯಿಂದ ಬಡ್ಕೋತಾ ಇದೀನಿ. ಏನೂ ಆಗಲ್ಲ ಅಂತೀರ. ಹಂಗಾದ್ರೆ ನೀವೇ ಒಂದ್ಸಲ ಮುಟ್ಟಿ ನೋಡಿ ಸ್ವಾಮೀ!"

ಅದು ಅಪ್ಪ. ಶಾಕ್ ಹೊಡೆಯುತ್ತದೆ ಅನ್ನುವುದಕ್ಕೆ ಅವರು 'ಕಚ್ತಾ ಇದೆ' ಅನ್ನುತ್ತಿದ್ದರು. ಮನೆಯ ಇಸ್ತ್ರಿಪೆಟ್ಟಿಗೆಗೂ ಹಾಗೇ ಹೇಳುತ್ತಿದ್ದರು. 'ಸ್ವಾಮೀ' ಅನ್ನುವುದನ್ನು ಎಳೆದು, ಕೊನೆಗೆ ನಗುವಂತೆ ಮೇಲಕ್ಕೆತ್ತುತ್ತಿದ್ದದ್ದು ಹಾಗೇ ಇತ್ತು. ಮೈದಾನ ಗೊಳ್ಳೆಂದು ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಶೆಡ್ಡಿನ ಕೆಲವರು ಮಾತ್ರ ನಗಲಿಲ್ಲ. ಅವರು ನೆಲ ನೋಡುತ್ತಿದ್ದರು.

ಅಮ್ಮ ಎದ್ದು ನಿಂತಳು. ಸೆರಗನ್ನು ಹೆಗಲ ಸುತ್ತ ಎಳೆದುಕೊಂಡು ಜನರ ನಡುವೆ ಒಬ್ಬಳೇ ನಿಂತಿದ್ದಳು. ಹಿಂದಿನವರು "ಕೂತ್ಕೊಳ್ಳಮ್ಮಾ" ಅಂತ ಕೂಗಿದರೂ ಕೂರಲಿಲ್ಲ. ಮುಂದಿನ ಹಾಡು ನಮ್ಮದಿತ್ತು. ಬಾಯಿ ಆಡಿಸಿದೆ, ಹಾಡಿದೆನೋ ಇಲ್ಲವೋ ತಿಳಿಯದು.

ಹಾಡು ಮುಗಿಸಿ ವೇದಿಕೆಯ ಹಿಂದೆ ಹೋದರೆ ಅಮ್ಮ ಆಗಲೇ ಅವನ ಮುಂದೆ ನಿಂತಿದ್ದಳು. ಅವನಿಗೆ ಅವಳ ಗುರುತು ಹತ್ತಿತ್ತು. "ಅಮ್ಮಾ, ನೀವು ಬಂದಿದೀರ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಖಂಡಿತಾ ಮಾಡ್ತಿರ್ಲಿಲ್ಲ" ಅಂತ ಕೈ ಮುಗಿಯುತ್ತಿದ್ದ.

"ಅದೆಲ್ಲ ಇರ್ಲಿ ಬಿಡಪ್ಪ. ಅವರು ಹಾಗೆ ಹೇಳಿದ್ರಾ? ಕಚ್ತಾ ಇದೆ ಅಂತ?"

"ಹೇಳಿದ್ರು. ನಾನು ಪಕ್ಕದ ಮೆಷಿನ್ನಲ್ಲಿದ್ದೆ. ಹಿಂದಿನ ದಿನ ಹೇಳಿದ್ರು, ಅವತ್ತು ಬೆಳಿಗ್ಗೆ ಬಂದ ತಕ್ಷಣಾನೂ ಹೇಳಿದ್ರು. ಸ್ವಿಚ್ಚೆಲ್ಲಾ ಮುಟ್ಟಿರ್ಲಿಲ್ಲಮ್ಮ ಅವರು. ಮೆಷಿನ್ ಮೇಲೆ ಕೈ ಇಟ್ರು ಅಷ್ಟೇ."

"ಮನೇಲಿ ಹೇಳಲಿಲ್ಲ" ಅಂದಳು ಅಮ್ಮ. ಯಾರಿಗೆ ಹೇಳಿದಳೋ. ಆಮೇಲೆ, "ಭಾನುವಾರ ಮನೆಗೆ ಬಾಪ್ಪ, ಊಟಕ್ಕೆ" ಅಂದಳು.

ಅವನು ಬಂದ. ಹುಳಿ, ಅನ್ನ, ಸಂಡಿಗೆ ಬಡಿಸಿದಳು. ಅವನು ತಲೆ ಎತ್ತದೆ ಉಂಡ. ಕೈ ತೊಳೆದು ಬಂದ ಮೇಲೆ ಅಮ್ಮ, "ಇನ್ನೊಂದ್ಸಲ ಆ ಥರ ಮಾತಾಡು" ಅಂದಳು. ಅವನು ನನ್ನ ಮುಖ ನೋಡಿದ. "ತಿರುಗಿ ಕೂತ್ಕೋತೀನಮ್ಮ, ನಿಮ್ಮ ಮುಖ ನೋಡ್ತಾ ಆಗಲ್ಲ" ಅಂತ ಗೋಡೆ ಕಡೆ ತಿರುಗಿ ಎರಡು ಮಾತಾಡಿದ. ಅಮ್ಮ ಕಣ್ಣು ಮುಚ್ಚಿ ಕೇಳಿದಳು. ಆಮೇಲೆ, "ಮನೇಲಿ ಇಷ್ಟು ಜೋರಿರ್ಲಿಲ್ಲ. ಸ್ವಲ್ಪ ತಗ್ಗಿಸು" ಅಂದಳು.

ಹೀಗೆ ಶುರುವಾಗಿ ಅವನು ಭಾನುವಾರಗಳಲ್ಲಿ ಬರತೊಡಗಿದ. ಶೆಡ್ಡಿನ ಅಪ್ಪ ಅವನಿಗೆ ಗೊತ್ತಿತ್ತು, ಮನೆಯ ಅಪ್ಪನನ್ನು ಅಮ್ಮ ಹೇಳಿಕೊಟ್ಟಳು. ಊಟಕ್ಕೆ ಕೂತಾಗ ಏನನ್ನುತ್ತಿದ್ದರು, ಚಪ್ಪಲಿ ಬಿಡುತ್ತಾ ಹೇಗೆ ಕರೆಯುತ್ತಿದ್ದರು. ಅವನ ದನಿ ವಾರವಾರಕ್ಕೂ ಹದಕ್ಕೆ ಬಂತು. ನನಗೆ ಮಾತ್ರ ದಿಗಿಲಾಗುತ್ತಿತ್ತು. ಒಂದು ದಿನ ನಾನು ಅಡುಗೆಮನೆಯಲ್ಲಿದ್ದಾಗ "ಒಂದ್ಲೋಟ ನೀರು ತಾರಮ್ಮ" ಅಂತ ಕೇಳಿಸಿತು. ನಾನು ನೀರು ತುಂಬಿಸಿಕೊಂಡು ಬಾಗಿಲವರೆಗೆ ಬಂದುಬಿಟ್ಟೆ. ಅಲ್ಲಿ ಕೂತಿದ್ದವನ ಬೆನ್ನು ಅಪ್ಪನದಾಗಿರಲಿಲ್ಲ. ಲೋಟ ಅಲ್ಲೇ ನೆಲದ ಮೇಲಿಟ್ಟು ಹಿತ್ತಲಿಗೆ ಹೋದೆ. ನಲ್ಲಿಯ ಹತ್ತಿರ ಪಕ್ಕದ ಮನೆಯ ಆಂಟಿ ಕೊಡ ಹಿಡಿದುಕೊಂಡು ಕಿವಿಗೊಟ್ಟು ನಿಂತಿದ್ದರು. ನನ್ನನ್ನು ನೋಡಿ, "ಇದೆಲ್ಲಾ ಒಳ್ಳೇದಲ್ಲ ಕಣೇ, ನಿಮ್ಮಮ್ಮಂಗೆ ಹೇಳು" ಅಂದರು.

ಇತ್ತ ಆ ಮಾತು ಮೈದಾನದಿಂದ ಊರಿಗೆ ಇಳಿದಿತ್ತು. ಮೇಳ ಮುಗಿದ ಮೇಲೆ ಹುಡುಗರ ಬಾಯಲ್ಲೆಲ್ಲ ಅದೇ. ಬಸ್ಸಿನಲ್ಲಿ ಬಿಸಿಲಿಗೆ ಕಾದ ಕಂಬಿ ಹಿಡಿದವನೊಬ್ಬ "ಏನ್ ಸ್ವಾಮೀ, ಕಚ್ತಾ ಇದೆ!" ಅನ್ನುತ್ತಿದ್ದ, ಅವನ ಗೆಳೆಯರು "ಮುಟ್ಟಿ ನೋಡು ಮಗಾ" ಅಂತ ನಗುತ್ತಿದ್ದರು. ಸಿನಿಮಾ ಕ್ಯೂನಲ್ಲಿ, ತರಕಾರಿ ಅಂಗಡಿಯಲ್ಲಿ, ಮೂಡಲಪಾಳ್ಯದ ನಮ್ಮ ಅತ್ತೆಯ ಮನೆಯ ಮುಂದೆ ಕ್ರಿಕೆಟ್ ಆಡುವವರ ಬಾಯಲ್ಲಿ. ಗಂಟಲು ಸರಿ ಮಾಡಿಕೊಳ್ಳುವುದನ್ನೂ ಬಿಟ್ಟಿರಲಿಲ್ಲ. ಅಪ್ಪನನ್ನು ಕಂಡೇ ಇರದವರು ಅಪ್ಪನ ಹಾಗೆ ಕೆಮ್ಮುತ್ತಿದ್ದರು. ಹಿಂದಿನಿಂದ ಆ ಸದ್ದು ಬಂದರೆ, ಗೊತ್ತಿದ್ದೂ ಗೊತ್ತಿದ್ದೂ ನಾನು ತಿರುಗಿ ನೋಡುತ್ತಿದ್ದೆ. ಸತ್ತ ಮನುಷ್ಯ ಒಂದು ಮನೆಯಲ್ಲಿದ್ದರೆ ಆ ಮನೆ ಬಿಟ್ಟು ಹೋಗಬಹುದು. ನಮ್ಮ ಅಪ್ಪ ಬೀದಿಬೀದಿಯಲ್ಲಿದ್ದರು.

ಮೇಡಂಗೆ ಅಷ್ಟು ಹೊತ್ತಿಗೆ ವಿಷಯ ತಿಳಿದಿತ್ತು. ವಠಾರಕ್ಕೆ ಬಂದು ಅಮ್ಮನ ಕೈ ಹಿಡಿದುಕೊಂಡು ಕೂತರು. ಕಾರ್ಮಿಕ ಇಲಾಖೆಯ ಕಚೇರಿಯ ಮುಂದೆ ಧರಣಿ ಇದೆ, ಅಲ್ಲಿ ಅವನಿಂದ ಆ ಮಾತು ಆಡಿಸಬೇಕು ಅಂತಿದ್ದೇವೆ, ನಿಮ್ಮ ಒಪ್ಪಿಗೆ ಬೇಕು ಅಂದರು. ಅಮ್ಮ, "ಯೋಚ್ನೆ ಮಾಡಿ ಹೇಳ್ತೀನಿ" ಅಂದಳು.

ಮುಂದಿನ ಭಾನುವಾರ ಅವನು ಗೋಡೆ ಕಡೆ ತಿರುಗಿ ಕೂತ ಮೇಲೆ ಅಮ್ಮ ಎಂದಿನಂತೆ ಏನೂ ಹೇಳಿಕೊಡಲಿಲ್ಲ. ಬಹಳ ಹೊತ್ತು ಅವನ ಬೆನ್ನನ್ನೇ ನೋಡುತ್ತಿದ್ದು, ನೇರವಾಗಿ ಕೇಳಿದಳು.

"ನನ್ನ ಹತ್ರ ಯಾಕೆ ಹೇಳಲಿಲ್ಲ? ಹೋಗಲ್ಲ ಅಂದ್ರಿ. ಯಾಕೆ ಹೋಗಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಕಳಿಸ್ತಿದ್ನಾ?"

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಆ ಬೆಳಗಿನ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಆದರೂ ಅವಳ ದನಿಯಿಂದಲೇ ಏನೋ ಅರ್ಥವಾಗಿರಬೇಕು. ಎರಡು ಸಲ ಗಂಟಲು ಸರಿ ಮಾಡಿಕೊಂಡು, ಮೆಲ್ಲಗೆ ಹೇಳಿದ:

"ನೀನು ಹೆದರ್ಕೋತೀಯ ಅಂತ ಹೇಳಲಿಲ್ಲ ಕಣೇ. ನಿಂದೇನೂ ತಪ್ಪಿಲ್ಲ. ನೀನು ನೆಮ್ಮದಿಯಾಗಿರು."

ದನಿ ಎಲ್ಲೂ ತಪ್ಪಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅಮ್ಮ ಮಾತ್ರ ಅಲ್ಲಾಡಲಿಲ್ಲ.

"ಸಾಕಪ್ಪ" ಅಂದಳು. "ಇದು ನೀನು ಹೇಳಿದ್ದು. ಅವರು ಹೀಗೆ ಹೇಳೋರಲ್ಲ."

ಅವನು ತಿರುಗಿದ. ಮುಖ ಬೆವೆತಿತ್ತು. "ಅವರಾಗಿದ್ರೆ ಏನ್ ಹೇಳ್ತಿದ್ರಮ್ಮಾ?"

"ಏನೂ ಹೇಳ್ತಿರ್ಲಿಲ್ಲ. ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಆಚೆ ಎದ್ದು ಹೋಗ್ತಿದ್ರು."

ಹೇಳಿ ನಕ್ಕಳು. ನಗುತ್ತಾ ನಗುತ್ತಾ ಅಳು ಬಂತು. ಅಪ್ಪ ಹೋದ ಮೇಲೆ ಅಮ್ಮ ಬಾಯಿ ಬಿಟ್ಟು ಅತ್ತದ್ದು ಅದೇ ಮೊದಲು. ಸತ್ತ ದಿನ ಕೂಡ ಅವಳು ಸೆರಗು ಕಚ್ಚಿಕೊಂಡು ಕೂತಿದ್ದಳು. ಅವನು ಏನು ಮಾಡಬೇಕೋ ತಿಳಿಯದೆ ಕೈ ಕಟ್ಟಿ ನಿಂತ. "ತಪ್ಪಾಯ್ತಮ್ಮ, ನಿಮಗೆ ಸಮಾಧಾನ ಆಗ್ಲಿ ಅಂತ..." ಅಂದ. ಅಮ್ಮ ಕಣ್ಣೊರೆಸಿಕೊಂಡು, "ಗೊತ್ತಪ್ಪ. ಇನ್ಮೇಲೆ ಬರ್ತಾ ಇರು, ಊಟ ಮಾಡ್ಕೊಂಡು ಹೋಗು. ನಿನ್ನ ದನಿಯಲ್ಲೇ ಮಾತಾಡು" ಅಂದಳು.

ಧರಣಿಯಲ್ಲಿ ಮಾತಾಡಲು ಅವನ ಬದಲು ಅವಳೇ ಹೋದಳು. ನಾನು ಜೊತೆಗಿದ್ದೆ. ಅವಳಿಗೆ ಮೈಕು ಹಿಡಿಯಲು ಬಾರದ್ದರಿಂದ ಮೇಡಂ ಹಿಡಿದುಕೊಂಡಿದ್ದರು. "ನಮ್ಮ ಯಜಮಾನ್ರು ಮೆಷಿನ್ನಲ್ಲಿ ಕರೆಂಟ್ ಬರ್ತಾ ಇದೆ ಅಂತ ಎರಡು ದಿನ ಹೇಳಿದ್ರಂತೆ. ಯಾರೂ ಕೇಳಲಿಲ್ಲ. ಅವರದೇ ತಪ್ಪು ಅಂತ ಬರ್ಕೊಂಡಿದೀರಲ್ಲ, ಅದನ್ನ ತಿದ್ದಿ" ಅಂದಳು, ಅಷ್ಟೇ. ಜನ ಗುಂಪಾಗಿ "ಕಚ್ತಾ ಇದೆ ಸ್ವಾಮೀ" ಅಂತ ಘೋಷಣೆ ಕೂಗಿದರು. ಅಮ್ಮ ಕೂಗಲಿಲ್ಲ. ಅಧಿಕಾರಿಯೊಬ್ಬರು ಇಳಿದು ಬಂದು ಮನವಿ ತೆಗೆದುಕೊಂಡರು. ಶೆಡ್ಡಿನ ಮೆಷಿನ್ನುಗಳಿಗೆಲ್ಲ ಮುಟ್ಟಿದರೆ ಶಾಕ್ ಹೊಡೆಯದ ಹಾಗೆ ಅರ್ತಿಂಗ್ ಹಾಕಿಸಿದರಂತೆ. ಬರೆದುಕೊಂಡದ್ದನ್ನು ತಿದ್ದಿದರೋ ಇಲ್ಲವೋ, ಎಷ್ಟು ಅಲೆದರೂ ನಮಗೆ ಯಾರೂ ಹೇಳಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಶೆಡ್ಡೇ ಬೇರೆ ಕಡೆ ಹೋಯಿತು.

ಅವನು ಎರಡು ಭಾನುವಾರ ಬಂದ. ತನ್ನ ದನಿಯಲ್ಲಿ ಅವನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ಹವೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡಿ ಸುಮ್ಮನಾಗುತ್ತಿದ್ದ. ಆಮೇಲೆ ಬರಲಿಲ್ಲ. ಅಮ್ಮ ಸ್ವಲ್ಪ ದಿನ ಒಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕಿ, ಬಿಟ್ಟಳು.

ಈಗ ಅಪ್ಪನ ಮಾತು ನೆನೆಸಿಕೊಂಡರೆ ನನಗೆ ಕೇಳಿಸುವ ದನಿ ಯಾರದು ಅಂತ ಗೊತ್ತಾಗುವುದಿಲ್ಲ. ನಮ್ಮಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಅಪ್ಪನ ದನಿಯನ್ನು ಯಾರೂ ಹಿಡಿದಿಟ್ಟಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಅವರು ಹೇಳಿದ ಮಾತುಗಳು ಕೂಡ ಈಗ ಆ ತೆಳ್ಳನೆಯ ಯುವಕನ ಗಂಟಲಿನಿಂದಲೇ ಬರುತ್ತವೆ.

ಕೆಲವು ವರ್ಷಗಳ ಮೇಲೆ ಕೆಂಗೇರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವನೇ ಬಂದು "ಸಿಸ್ಟರ್, ಚೆನ್ನಾಗಿದೀರಾ?" ಅಂದ. ಸ್ವಲ್ಪ ದಪ್ಪಗಾಗಿದ್ದ. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ ಅಂದ. ಈಗಲೂ ಪ್ರೋಗ್ರಾಂ ಕೊಡ್ತೀರಾ ಅಂತ ಕೇಳಿದೆ.

"ಬಿಟ್ಬಿಟ್ಟೆ ಸಿಸ್ಟರ್. ಯಾರ ದನಿ ಎತ್ತಿದ್ರೂ ಜನ ಅದನ್ನೇ ಮಾಡು ಅಂತಿದ್ರು. ಕೊನೆಗೆ ಮನೇಲಿ ಹೆಂಡ್ತಿ ಹತ್ರ ಮಾತಾಡೋವಾಗ್ಲೂ ಬಂದ್ಬಿಡೋದು. ಅವಳು ಹೆದರ್ಕೊಂಡ್ಳು."

ಬಸ್ಸು ಬರುವವರೆಗೆ ಇಬ್ಬರೂ ರಸ್ತೆ ನೋಡುತ್ತಾ ನಿಂತೆವು. ಒಂದೇ ಒಂದು ಸಲ ಮಾತಾಡಲಿ ಅಂತ ನನಗೆ ಆಸೆಯಾಗುತ್ತಿತ್ತು. ಕೇಳಲಿಲ್ಲ. ಅವನೂ ಕಾಯುತ್ತಿದ್ದನೋ ಏನೋ. "ಅಮ್ಮನ್ನ ಕೇಳ್ದೆ ಅಂತ ಹೇಳಿ" ಅಂದ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. "ಮದುವೆ ಆಗಿದ್ಯಂತಾ? ಮಕ್ಕಳೆಷ್ಟು?" ಅಂದಳು. ಮದುವೆ ಆಗಿದೆ, ಮಕ್ಕಳ ವಿಷಯ ಕೇಳಲಿಲ್ಲ ಅಂದೆ.

"ಅಷ್ಟೂ ಕೇಳ್ಬಾರ್ದೇನೇ?" ಅಂತ ರೇಗಿದಳು. ಸಂಜೆಯವರೆಗೂ ನನ್ನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ.