ಅರ್ಧ ಬೆರಳಿಗೆ ಕೂತ ಪಿಸ್ತೂಲು

ಹಳಿಯಾಳ ಸೀಮೆಯಲ್ಲಿ ನನ್ನಷ್ಟು ಚೆನ್ನಾಗಿ ಗುರಿ ಹೊಡೆಯುವವ ಇನ್ನೊಬ್ಬನಿಲ್ಲ. ನಾನೇ ಹೇಳಿಕೊಳ್ಳುವ ಮಾತು, ಆದರೂ ಖರೆ. ಗುರಿ ಸ್ಪರ್ಧೆಗೆ ಹೆಸರು ಕೊಟ್ಟು, ನನ್ನದೇ ಆದ ಮೊದಲ ಏರ್ ಪಿಸ್ತೂಲು ಆರಿಸಲು ಪಕ್ಕದ ತಾಲೂಕಿನ ರಾಮನಗರದ ಒಂದು ಅಂಗಡಿಗೆ ಹೋದೆ. ಆ ಊರಿಗೆ ಅದಕ್ಕಿಂತ ಮುಂಚೆ ಕಾಲಿಟ್ಟವನೇ ಅಲ್ಲ.

ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿ ನನ್ನ ಬಲಗೈಯ ಕಿರುಬೆರಳು ಅರ್ಧ ಹೋಗಿದೆ. ಹೊಸ ಪಿಸ್ತೂಲುಗಳೆಲ್ಲ ಅಲ್ಲೇ ಸಡಿಲ. ಮೂಲೆಯಲ್ಲಿದ್ದ ಹಳೆಯದೊಂದನ್ನು ಎತ್ತಿಕೊಂಡೆ. ಅದರ ಮರದ ಹಿಡಿಯಲ್ಲಿ ಕಿರುಬೆರಳಿನ ಜಾಗಕ್ಕೆ ಯಾರೋ ಮರದ ಪುಡಿ, ಅಂಟು ತುಂಬಿ ಉಜ್ಜಿದ್ದರು. ನನ್ನ ಅರ್ಧ ಬೆರಳು ಅಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

"ಯಾರದ್ರಿ ಇದು, ಕಾಕಾ?"

ಅಂಗಡಿಯವರು ನಕ್ಕರು. "ಚೇಷ್ಟಿ ಬಿಡ್ರಿ. ಹೋದ ಮಳಿಗಾಲದಾಗ ನೀವ ತಂದು ಮಾರಿದ್ರಲ್ಲಾ. ಈಗ ಗಡ್ಡ ತಗಸೀರಿ, ಅಷ್ಟ."

"ನಾನಾ? ಯಾಕ ಮಾರಿದೆ ಅಂತ?"

"ಕೈ ನಡಗಾಕ ಹತ್ತೇತಿ ಅಂದ್ರಿ."

ಅವರ ನಗು ನಿಂತಿತ್ತು. ನನ್ನ ಕೈಯನ್ನೇ ನೋಡುತ್ತಿದ್ದರು. ಪಿಸ್ತೂಲಿನ ತುದಿ ಸಣ್ಣಗೆ ಅಲುಗುತ್ತಿತ್ತು.

ಕೈಗೆ ಕೂರದ ಹೊಸದನ್ನೇ ಕೊಂಡು ಬಂದೆ. ಸ್ಪರ್ಧೆಯಲ್ಲಿ ಎಲ್ಲರಿಗಿಂತ ಕಡೆಯವನಾದೆ. ಗೆಳೆಯರು ನಗುತ್ತಾರೆ, ನಗಲಿ. ಗುರಿ ತಪ್ಪಿದವನು ನಾನೇ, ಆ ಗಡ್ಡದವನಲ್ಲ ಎಂಬುದಾದರೂ ಖಾತ್ರಿಯಿದೆ.