ಒಂದು ದಿನದ ಮಟ್ಟಿಗೆ ನನ್ನದಾಗಿದ್ದ ಕೆಂಪು ಕಾರು

ಹೋದ ವರ್ಷ ಶ್ರಾವಣದಲ್ಲಿ ನಡೆದದ್ದು ಇದು. ನನಗಾಗ ಐವತ್ತೆರಡು ದಾಟಿತ್ತು, ಡ್ರೈವಿಂಗ್ ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾಗಿತ್ತು. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವವಳು ನಾನು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಚಲಿಸುವ ಕಾರಿನ ಲೆಕ್ಕವನ್ನು ಮಕ್ಕಳಿಗೆ ಕೊಡುತ್ತಲೇ ಇಪ್ಪತ್ತೈದು ವರ್ಷ ಕಳೆದಿದ್ದೆ. ಅಂಥದ್ದೊಂದು ಕಾರನ್ನು ನಾನೇ ಓಡಿಸಬೇಕು ಅನ್ನುವ ಆಸೆ ಯಾವಾಗ ಹುಟ್ಟಿತೋ ತಿಳಿಯದು, ಬಿಡದೆ ಕಾಡುತ್ತಿತ್ತು.

ತೀರ್ಥಹಳ್ಳಿಯ ತವರಿಗೆ ಬಸ್ಸಿನಲ್ಲಿ ಹೋಗುವಾಗೆಲ್ಲ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರ ಬರುತ್ತದೆ. ಆನೆಗಳು ಹೊಳೆಯಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿರುತ್ತವೆ. ನಾನು ಕುತ್ತಿಗೆ ಉದ್ದ ಮಾಡುವಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಒಂದು ದಿನವಾದರೂ ಅಲ್ಲಿ ಗಾಡಿ ನಿಲ್ಲಿಸಿ, ವಾಚು ನೋಡದೆ, ಮನಸ್ಸಿಗೆ ಸಾಕೆನಿಸುವ ತನಕ ನಿಲ್ಲಬೇಕು ಅಂತ ನನಗೆ. ನನ್ನವರಿಗೆ ಹೇಳಿದರೆ, "ಆನೆ ನೋಡಕ್ಕೆ ಕಾರ್ ಬೇಕಾ ಮಾರಾಯ್ತಿ? ಸ್ಕೂಟರಲ್ಲೇ ಕರ್ಕೊಂಡು ಹೋಗ್ತೀನಿ ಬಾ" ಅನ್ನುತ್ತಿದ್ದರು. ಯಾರೋ ಕರೆದುಕೊಂಡು ಹೋಗುವುದು ಬೇರೆ, ನಾನೇ ಹೋಗುವುದು ಬೇರೆ ಅನ್ನುವುದು ಅವರ ತಲೆಗೆ ಹೋಗಲೇ ಇಲ್ಲ.

ಹೊಸ ಕಾರು ನನ್ನ ಕೈಗೆ ಎಟುಕುವಂತಿರಲಿಲ್ಲ. ಸೆಕೆಂಡ್ ಹ್ಯಾಂಡ್ ಹುಡುಕತೊಡಗಿದೆ. ಜೊತೆಗೆ ನಮ್ಮ ಬೀದಿಯ ಗ್ಯಾರೇಜಿನ ರಫೀಕ್. ನನ್ನ ಹಳೆಯ ವಿದ್ಯಾರ್ಥಿ, ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ಈಗ ನನಗೇ ಪಾಠ ಹೇಳುತ್ತಿದ್ದ. "ಟೀಚರ್, ಮೊದ್ಲು ಹೆಡ್‌ಲೈಟ್ ನೋಡ್ಬೇಕು. ಒಳಗೆ ನೀರಾಡಿದ್ರೆ ಒಂದೋ ಗಾಡಿ ಎಲ್ಲಾದ್ರೂ ಗುದ್ದಿರುತ್ತೆ, ಇಲ್ಲಾಂದ್ರೆ ನೆರೆ ನೀರಲ್ಲಿ ನಿಂತಿರುತ್ತೆ." ಹೀಗೆ ಹೇಳಿ ನಾಲ್ಕು ಕಾರುಗಳನ್ನು ಬೇಡ ಮಾಡಿಸಿದ್ದ.

ಐದನೆಯದು ಭದ್ರಾವತಿ ಓಲ್ಡ್ ಟೌನಿನ ಕೆಂಪು ಕಾರು. ಶುಕ್ರವಾರ ಅರ್ಧ ದಿನ ರಜೆ ಹಾಕಿ ರಫೀಕನ ಜೊತೆ ಹೋದೆ. ಮಾಲೀಕರು ನಂಜುಂಡಪ್ಪ ಅಂತ, ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಮನೆ ಪಕ್ಕದ ಶೆಡ್ಡಿನಲ್ಲಿ ಕಾರು ಮದುಮಗಳ ಹಾಗೆ ನಿಂತಿತ್ತು. ಸೀಟಿನ ಮೇಲೆ ಒಂದು ಕಲೆ ಇಲ್ಲ, ಬಾಗಿಲು ಹಾಕಿದರೆ ಮೆತ್ತಗೆ ಮುಚ್ಚಿಕೊಳ್ಳುತ್ತಿತ್ತು. ಸ್ಟೀರಿಂಗ್ ಹಿಡಿದು ಕೂತ ಕೂಡಲೇ ಇದು ನನ್ನದೇ ಅನ್ನಿಸಿಬಿಟ್ಟಿತು.

ಆದರೆ ಎರಡೂ ಹೆಡ್‌ಲೈಟಿನೊಳಗೆ ದಟ್ಟವಾಗಿ ಮಂಜು ಕಟ್ಟಿತ್ತು. ಭದ್ರಾ ಹೊಳೆ ತುಂಬಿದರೆ ಓಲ್ಡ್ ಟೌನಿನ ಕೆಲವು ಕಡೆ ನೀರು ನುಗ್ಗುವುದು ಎಲ್ಲರಿಗೂ ಗೊತ್ತು. ರಫೀಕ್ ಮ್ಯಾಟ್ ಎತ್ತಿ ಮೂಸಿ ನೋಡಿದ, ಸೀಟಿನ ಕೆಳಗೆ ಕೈ ಹಾಕಿದ, ಕೆಸರಿನ ಗುರುತಿರಲಿಲ್ಲ. ಎರಡೂ ಲೈಟಿನ ಮೇಲೆ ಅಚ್ಚಾಗಿದ್ದ ವರ್ಷ ಕಾರಿನ ವರ್ಷವೇ, ಅಂದರೆ ಗುದ್ದಿ ಬದಲಾಯಿಸಿದ್ದಲ್ಲ. ಅರ್ಧ ಗಂಟೆ ಲೈಟು ಹಾಕಿಟ್ಟು ಕಾದೆವು. ಸಣ್ಣಪುಟ್ಟ ಮಂಜಾದರೆ ಬಿಸಿಗೆ ಹೋಗಬೇಕಿತ್ತು. ಹೋಗಲಿಲ್ಲ. ಕೊನೆಗೆ ಅವನು ಬಾನೆಟ್ಟಿನೊಳಗೆ ತಲೆ ತೂರಿಸಿ, ಕೈಯಾಡಿಸಿ ನಕ್ಕ.

ನನ್ನನ್ನು ಗೇಟಿನ ಹತ್ತಿರ ಕರೆದು ಪಿಸುಗುಟ್ಟಿದ. "ಲೈಟ್ ಹಿಂದೆ ಗಾಳಿಯಾಡೋಕೆ ಸಣ್ಣ ಸಣ್ಣ ತೂತಿರುತ್ತೆ ಟೀಚರ್. ಯಾರೋ ಪುಣ್ಯಾತ್ಮ ಎಲ್ಲಾದಕ್ಕೂ ಸೀಲ್ ಮೆತ್ತಿದಾನೆ, ಪೈಪಿಗೆ ಮೆತ್ತಾರಲ್ವಾ, ಅದನ್ನ. ಒಳಗಿನ ತೇವ ಹೊರಗೆ ಹೋಗೋ ಹಾಗಿಲ್ಲ. ಕಿತ್ತು ತೆಗೆದ್ರೆ ಏಕ್‌ದಂ ಸರಿ. ನೀವು ಬಾಯಿ ಬಿಡ್ಬೇಡಿ. ಲೈಟ್ ಖರಾಬು ಅಂತ ರೇಟ್ ಇಳಿಸ್ತೀನಿ."

ನಾನು ಬಾಯಿ ಬಿಡಲಿಲ್ಲ. "ಗಾಜು ಹಳೇದಾಗಿ ಮಬ್ಬಾಗಿದೆ ಅಷ್ಟೇ, ಬೆಳಕಿಗೇನಾಗಿಲ್ಲ" ಅನ್ನುತ್ತಲೇ ಮಾಲೀಕರು ರೇಟ್ ಇಳಿಸಿದರು. ನಂಜುಂಡಪ್ಪನವರ ಹೆಂಡತಿ ಗಿರಿಜಮ್ಮ ಕಾಫಿ ತಂದರು. ಇಷ್ಟು ಚೆನ್ನಾಗಿಟ್ಟ ಗಾಡಿ ಯಾಕೆ ಕೊಡ್ತಿದೀರಿ ಅಂತ ಸುಮ್ಮನೆ ಕೇಳಿದೆ.

"ನನ್ ಕಣ್ಣು ಹೋಯ್ತು ಮೇಡಂ" ಅಂದರು ನಂಜುಂಡಪ್ಪ. "ಎರಡು ವರ್ಷ ಆಯ್ತು, ಸಂಜೆಯಾದ್ರೆ ರಸ್ತೆ ಕಾಣಲ್ಲ. ಕಣ್ ಡಾಕ್ಟ್ರು ಏನೂ ಆಗಿಲ್ಲ ಅಂತಾರೆ. ಅವರಿಗೇನ್ ಗೊತ್ತು, ರಾತ್ರಿ ಗಾಡಿ ಓಡಿಸೋನು ನಾನು."

ಗಿರಿಜಮ್ಮ ಸೆರಗಿನಿಂದ ಬಾನೆಟ್ ಒರೆಸುತ್ತಾ ಹೇಳಿದರು. "ಮಗಳನ್ನ ಶಿವಮೊಗ್ಗದ ಆಚೆ ಆಯನೂರಿಗೆ ಕೊಟ್ಟಿದೀವಿ ಕಣಮ್ಮ. ಮೊಮ್ಮಗಳು ಸ್ಕೂಲು, ಟ್ಯೂಷನ್ನು ಮುಗಿಸಿ ಬರೋದೇ ಏಳು ಗಂಟೆಗೆ. ಮುಂಚೆ ವಾರಕ್ಕೆರಡು ಸಲ ಹೋಗಿ, ಅವಳ ಜೊತೆ ಊಟ ಮಾಡಿ ವಾಪಸ್ ಬರ್ತಿದ್ವಿ. ಈಗ ಬಸ್ಸಿಗೆ ಹೋದ್ರೆ, ವಾಪಸ್ ಕೊನೇ ಬಸ್ಸು ಸಿಗ್ಬೇಕಂದ್ರೆ ಅವಳು ಬರೋ ಮುಂಚೆನೇ ನಾವು ಹೊರಡ್ಬೇಕು. ಫೋನಲ್ಲಿ ಎಷ್ಟು ಅಂತ ನೋಡೋದು?"

ಕಾಫಿ ಲೋಟ ನನ್ನ ಕೈಯಲ್ಲೇ ಉಳಿಯಿತು. "ಹೆಡ್‌ಲೈಟಿಗೆ ಸೀಲ್ ಹಾಕಿಸಿದ್ರಾ ಸರ್?" ಅಂತ ಕೇಳಿದೆ.

"ಹಾಕಿಸೋದೇನು, ನಾನೇ ಹಾಕಿದ್ದು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಳಗೆ ಸ್ವಲ್ಪ ತೇವ ಕಂಡಿತ್ತು. ತೂತು ಬಿಟ್ಟಿದ್ರು ನೋಡಿ ಕಂಪನಿಯೋರು! ಎಲ್ಲಾ ಮುಚ್ಚಿದೆ. ಸರ್ವಿಸ್ ಪೂರ್ತಿ ನಾನು ಮುಚ್ಚಿದ ತೂತು ಒಂದೂ ಸೋರಿಲ್ಲ."

ಕಣ್ಣು ಮಂಜಾಯಿತು ಅಂದುಕೊಂಡದ್ದೂ ಆಗಲೇ. ಆ ಮನುಷ್ಯ ತನ್ನ ಕೈಕೆಲಸವನ್ನು ಅನುಮಾನಿಸುವ ಬದಲು ಕಣ್ಣನ್ನೇ ಅನುಮಾನಿಸಿದ್ದರು. ನಾನು ರಫೀಕನ ಮುಖ ನೋಡಿದೆ, ಅವನು ತಲೆಯೆತ್ತಿ ಶೆಡ್ಡಿನ ಮಾಡಿನ ಶೀಟು ನೋಡಿದ. ನಾನು ಕಾಫಿ ಕುಡಿದು, ಅಡ್ವಾನ್ಸ್ ಕೊಟ್ಟೆ. ಹೌದು, ಕೊಟ್ಟೆ. ಆ ಕ್ಷಣಕ್ಕೆ ನನಗೆ ಕಾರು ಬೇಕಾಗಿತ್ತು, ಬೇರೇನೂ ಬೇಕಾಗಿರಲಿಲ್ಲ.

ಅವತ್ತೇ ಕಾರು ತಂದುಬಿಡುತ್ತಿದ್ದೆ. ಆದರೆ ಗಿರಿಜಮ್ಮ ಅಡ್ಡ ನಿಂತರು. "ಶ್ರಾವಣ ಶುಕ್ರವಾರ ಮನೆಯಿಂದ ಗಾಡಿ ಆಚೆ ಕಳಿಸ್ತಾರೇನಮ್ಮ? ಲಕ್ಷ್ಮೀನ ಕಳಿಸಿದ ಹಾಗೆ. ನಾಳೆ ಬಂದು ತಗೊಂಡು ಹೋಗು." ಅವರ ಈ ಒಂದು ಮಾತು ಎಲ್ಲವನ್ನೂ ತಿರುಗಿಸಿತು.

ಮನೆಗೆ ಬಂದರೆ ನನ್ನವರು ಅಷ್ಟೆಲ್ಲ ಗೇಲಿ ಮಾಡಿದವರು ಸ್ಕೂಟರನ್ನು ಮೂಲೆಗೆ ತಳ್ಳಿ, ಕಾರಿಗೆ ಜಾಗ ಗುಡಿಸಿಟ್ಟಿದ್ದರು. ನನಗೆ ಊಟ ಸೇರಲಿಲ್ಲ. ನಂಜುಂಡಪ್ಪ ತಾವಾಗಿಯೇ ಮಾರುತ್ತಿದ್ದಾರೆ, ನಾನೇನು ಕಿತ್ತುಕೊಂಡೆನೇ? ಇವತ್ತಲ್ಲ ನಾಳೆ ಅವರ ಕಣ್ಣು ನಿಜವಾಗಿಯೂ ಮಂಜಾಗುವುದಿಲ್ಲವೇ? ಹೀಗೆ ಎಷ್ಟು ಸಮಾಧಾನ ಹೇಳಿಕೊಂಡರೂ ನಿಲ್ಲಲಿಲ್ಲ. ಉತ್ತರ ಸರಿಯಿದ್ದು ಮಾಡಿದ ಕ್ರಮ ತಪ್ಪಿದ್ದರೆ ನಾನು ಮಕ್ಕಳಿಗೆ ಅಂಕ ಕೊಡುವವಳಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡು, ಆ ಇಡೀ ರಾತ್ರಿ ಮನಸ್ಸಿನಲ್ಲೇ ಆ ಕಾರು ಓಡಿಸಿದೆ.

ಶನಿವಾರ ಶಾಲೆ ಮುಗಿಸಿ, ಆ ದಂಪತಿಗೆ ನಿಜ ಹೇಳಿಬಿಡೋಣ ಅಂತ ರಫೀಕನಿಗೆ ಅಂದೆ. "ಟೀಚರ್, ನಿಮಗೆ ಗಾಡಿ ಬೇಕೋ ಪುಣ್ಯ ಬೇಕೋ ಮೊದ್ಲು ಡಿಸೈಡ್ ಮಾಡಿ" ಅಂತ ರೇಗಿದ. ಗ್ಯಾರೇಜ್ ಕೆಲಸ ಮುಗಿಸಿ, ಬೈಯುತ್ತಲೇ ಬಿಸಿಗಾಳಿ ಊದುವ ಗನ್ನು ಚೀಲಕ್ಕೆ ಹಾಕಿಕೊಂಡು ಬಂದ. ಓಲ್ಡ್ ಟೌನ್ ಮುಟ್ಟುವಾಗ ಐದೂವರೆ ದಾಟಿತ್ತು.

ಗಂಡ ಹೆಂಡತಿ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕಾಯುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಂಜುಂಡಪ್ಪನವರ ಮುಖ ಕೆಂಪೇರಿತು. "ನನ್ ಕೆಲಸ ನನಗೇ ಹೇಳ್ಕೊಡ್ತೀರಾ? ಗಾಡಿ ಬೇಡ ಅಂದ್ರೆ ಬೇಡ ಅನ್ನಿ, ಕಥೆ ಕಟ್ಬೇಡಿ."

"ಅರ್ಧ ಗಂಟೆ ಕೊಡಿ ಯಜಮಾನ್ರೇ" ಅಂದ ರಫೀಕ್. ಸ್ಕ್ರೂಡ್ರೈವರಿನಿಂದ ಸೀಲ್ ಕೆತ್ತಿದ. ಕಲ್ಲಿನಂತೆ ಕೂತಿತ್ತು, ಕೆಲಸ ಗಟ್ಟಿಯಾಗಿಯೇ ಮಾಡಿದ್ದರು. ಹಿಂದಿನ ಮುಚ್ಚಳ ಬಿಚ್ಚಿ ಬಿಸಿಗಾಳಿ ಊದಿದ. ಬಿಸಿ ಕಾಫಿ ಕುಡಿಯುವಾಗ ಕನ್ನಡಕಕ್ಕೆ ಹತ್ತಿದ ಹಬೆ ಸರಿಯುವ ಹಾಗೆ ಮಂಜು ಮೆಲ್ಲಗೆ ಸರಿಯಿತು. ಶೆಡ್ಡಿನ ಬಾಗಿಲೆಳೆದು ಲೈಟು ಹಾಕಿದ. ಎದುರು ಗೋಡೆ ಹಗಲಿನಂತಾಯಿತು.

ನಂಜುಂಡಪ್ಪ ಕಾರಿನ ಪಕ್ಕ ನಿಂತು, ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತು, "ಎರಡು ವರ್ಷ ಗಿರಿಜಾ" ಅಂದರು. ಗಿರಿಜಮ್ಮ ನಗುತ್ತಾ ಅಳುತ್ತಾ, "ನಿಮ್ ತೂತು ಮುಚ್ಚೋ ಚಟಕ್ಕೆ ಬೆಂಕಿ ಹಾಕ!" ಅಂದರು.

ನಂಜುಂಡಪ್ಪ ಎದ್ದು ಬಂದು ಕಾರಿನ ಕೀ ನನ್ನ ಅಂಗೈಯಲ್ಲಿಟ್ಟರು. "ಆಡಿದ ಮಾತು ಆಡಿದ್ದೇ ಮೇಡಂ. ಗಾಡಿ ನಿಮ್ದು." ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬೆರಳು ಮಡಚಿಕೊಂಡೆ. ಬಿಡುವುದಕ್ಕೆ ಮನಸ್ಸೇ ಬರಲಿಲ್ಲ. ಕೊನೆಗೆ, "ಇವತ್ತು ನೀವೇ ನಮ್ಮನ್ನ ಶಿವಮೊಗ್ಗಕ್ಕೆ ಬಿಡಿ ಸರ್. ಹೋಗೋ ಹೊತ್ತಿಗೆ ಕತ್ತಲಾಗುತ್ತೆ. ರಸ್ತೆ ಕಾಣದಿದ್ರೆ ನಮ್ಮನೆ ಗೇಟಲ್ಲಿ ಕೀ ಕೊಡಿ" ಅಂದೆ.

ಅವರು ಓಡಿಸಿದರು, ಪಕ್ಕದಲ್ಲಿ ಗಿರಿಜಮ್ಮ. ನಾನು ರಫೀಕನ ಜೊತೆ ಹಿಂದಿನ ಸೀಟಿನಲ್ಲಿ, ಆ ಕಾರಿನಲ್ಲಿ ನಾನು ಕೂರಬೇಕೆಂದುಕೊಂಡಿರದ ಜಾಗದಲ್ಲಿ. ಮೊದಮೊದಲು ಅವರ ಭುಜ ಬಿಗಿದಿತ್ತು. ಕತ್ತಲು ಇಳಿಯುತ್ತಾ ಬಂದಂತೆ ಸಡಿಲವಾಯಿತು. "ಅಲ್ನೋಡೇ ಎಮ್ಮೆ. ಅಗೋ ಹಂಪು. ಅಲ್ಯಾರೋ ಕರಿ ಶರ್ಟು ಹಾಕ್ಕೊಂಡು ನಡೀತಿದಾನೆ" ಅಂತ ಕಂಡದ್ದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದರು. ನಾಚಿಕೆಯಿಂದಲೇ ಹೇಳುತ್ತೇನೆ, ಒಂದೇ ಒಂದು ಹಂಪಾದರೂ ಅವರಿಗೆ ಕಾಣದೆ ಹೋಗಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಎಲ್ಲವೂ ಕಂಡವು.

ನಮ್ಮ ಗೇಟಿನ ಮುಂದೆ ಕಾರು ನಿಂತಿತು. ನನ್ನ ಅಡ್ವಾನ್ಸನ್ನು ನಂಜುಂಡಪ್ಪ ಹಿಂದಿರುಗಿಸಿದರು. ಕೈ ಮುಗಿದರು. ಗಿರಿಜಮ್ಮ ಆಗಲೇ ಫೋನಿನಲ್ಲಿದ್ದರು. "ಅನ್ನ ಜಾಸ್ತಿ ಇಡು, ಬರ್ತಿದೀವಿ. ಬಸ್ಸಲ್ಲಲ್ಲ ಕಣೇ, ಅಪ್ಪ ಓಡಿಸ್ತಿದಾರೆ. ಪುಟ್ಟಿಗೆ ಹೇಳು, ಮಲಗಬೇಡ ಅನ್ನು!"

ಕಾರು ಆಯನೂರಿನ ಕಡೆ ತಿರುಗುವ ತನಕ ನಾನು ರಸ್ತೆಯಲ್ಲೇ ನಿಂತಿದ್ದೆ. ನನ್ನವರು ಹೊರಗೆ ಬಂದು, ಖಾಲಿ ರಸ್ತೆ ನೋಡಿ, ನನ್ನ ಚೀಲ ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ಎಷ್ಟೋ ಕಾರು ನೋಡಿದೆ. ರಫೀಕ್ ಒಳ್ಳೊಳ್ಳೆಯವನ್ನೇ ತೋರಿಸುತ್ತಾನೆ, ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. ಸಹೋದ್ಯೋಗಿಗಳಿಗೆ ಈ ಕಥೆ ಹೇಳಿದರೆ ದೊಡ್ಡ ಮನಸ್ಸು ನಿಮ್ಮದು ಅನ್ನುತ್ತಾರೆ. ಅಲ್ಲ. ನಾನು ಮಾಡಿದ್ದು ಸರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಕಾರು ನನಗೆ ಈಗಲೂ ಬೇಕು.