ಕುಡಿ ಅಂದರೆ ಯಾವ ಕಡೆ

ನಾನು ಹೇಳುವುದನ್ನು ನಂಬದೆ ಕೊನೆಯವರೆಗೆ ಓದಿ, ನೋಡೋಣ. ನನ್ನನ್ನು ನಂಬಬಾರದೆಂದು ಪಣ ತೊಟ್ಟು ಕೂತ ಎಷ್ಟೋ ಮಂದಿ ಚಹಾ ಮುಗಿಯುವಷ್ಟರಲ್ಲಿ ನಂಬಿ ಎದ್ದುಹೋಗಿದ್ದಾರೆ.

ಆಗಿನ್ನೂ ಆಂಧ್ರ ಒಡೆದಿರಲಿಲ್ಲ. ಹೈದರಾಬಾದಿನ ಸುತ್ತ ರಿಂಗ್ ರೋಡು ಹೊಸದಾಗಿ ಬಂದು, ಅದರ ಬಾಯಿಗೆ ಟೋಲ್ ನಾಕಾ ಕೂತಿತ್ತು. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತನಾಗಿ ಊರಂಚಿನ ಮಣಿಕೊಂಡದಲ್ಲಿ ಮನೆ ಮಾಡಿದ್ದ ನನಗೆ ಆ ನಾಕಾಕ್ಕೆ ಕೈಕೊಡುವುದೇ ಕೆಲಸ. ಯಾವ ಕೆರೆಯ ಏರಿಯ ಮೇಲೆ ಕಾರು ಹೋಗುತ್ತದೆ, ಯಾವ ಹಳ್ಳಿಯಲ್ಲಿ ಎಮ್ಮೆಗಳು ಎಷ್ಟು ಹೊತ್ತಿಗೆ ರಸ್ತೆಗಿಳಿಯುತ್ತವೆ, ಎಲ್ಲ ಬಾಯಿಪಾಠ. ನಮ್ಮ ಓಣಿಯ ಕನ್ನಡದವರು ಊರಿಗೆ ಹೊರಡುವ ಮುಂಚೆ ಪಂಚಾಂಗ ನೋಡುತ್ತಿರಲಿಲ್ಲ, ನನ್ನನ್ನು ಕೇಳುತ್ತಿದ್ದರು. ಬೇಗಂ ಬಜಾರಿಗೆ ಮಾಲು ತರುವ ಲಾರಿಯವರಿಗೂ ನಾನು ದಾರಿ ಕಲಿಸಿದ್ದೇನೆ. ಉಳಿಸಿದ ಟೋಲಿಗಿಂತ ಸುಟ್ಟ ಪೆಟ್ರೋಲೇ ಹೆಚ್ಚೆಂದು ಹೆಂಡತಿ ಗೊಣಗುತ್ತಿದ್ದಳು. ಅವಳಿಗೆ ಅದರ ಮಜಾ ಗೊತ್ತಿರಲಿಲ್ಲ.

ಇನ್ನೊಂದು ಮಜಾ, ಕರ್ನಾಟಕದಿಂದ ಬಂದವರಿಗೆ ತಪ್ಪು ತೆಲುಗು ಕಲಿಸುವುದು. ತೆಲುಗಿನಲ್ಲಿ ‘ಕುಡಿ’ ಎಂದರೆ ಬಲಗಡೆ. ತಂಗಿಯ ಗಂಡ ಕಲಬುರಗಿಯಲ್ಲಿ ಹೈಸ್ಕೂಲು ಮಾಸ್ತರು. ದೀಪಾವಳಿಗೆ ನಮ್ಮ ಮನೆಗೆ ಬಂದಾಗ ಕೇಳಿದರು.

“ಭಾವಾರ, ಇಲ್ಲಿ ಮಂದಿ ದಾರಿ ಹೇಳೂಮುಂದ ಕುಡಿ ಕುಡಿ ಅಂತಾರಲ್ಲ, ಏನದು?”

“ಕುಡಿ ಅಂದ್ರ ಎಡಕ್ಕರಿ.”

“ಎಡಕ್ಕ? ಅದ್ಹೆಂಗ?”

“ಈ ಕಡೆ ಹಳ್ಳಿ ರಸ್ತಾದಾಗ ಕಳ್ಳಿನಂಗಡಿ ಯಾವಾಗ್ಲೂ ಎಡಕ್ಕನ ಇರತೈತಿ. ಅದಕ್ಕ ಎಡಕ್ಕ ಕುಡಿ ಅನ್ನೋದು. ನಿಜಾಮನ ಕಾಲದ ಮಾತರಿ.”

ಮಾಸ್ತರು ಗಂಭೀರವಾಗಿ ತಲೆಯಾಡಿಸಿದರು. ಒಳಗಿನಿಂದ ತಂಗಿ ಕೂಗಿದಳು. “ಅಣ್ಣಾ, ಅವರಿಗೆ ಹಿಂಗ ಏನರ ಹೇಳಬ್ಯಾಡ. ಖರೇ ಅನ್ಕೋತಾರ.”

ಅವರು ಹೊರಡುವಾಗ ನಿಜ ಹೇಳೋಣವೆಂದಿದ್ದೆ. ಮಾಸ್ತರು ಯಾರಾದರೂ ತೆಲುಗರ ಮುಂದೆ ಪೇಚಿಗೆ ಬೀಳಲಿ, ಆಮೇಲೆ ಇನ್ನೂ ಜೋರಾಗಿ ನಗಬಹುದು ಎಂದು ಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಅವರ ಮಗಳಿಗೆ ಕೇಂದ್ರ ಸರ್ಕಾರದ ನೌಕರಿಯ ಪರೀಕ್ಷೆ ಬಂತು. ನಮ್ಮ ಮಣಿಕೊಂಡದಾಚೆಯ ಒಂದು ಕಾಲೇಜಿನಲ್ಲಿ. ಪಾಸಾದರೆ ನೌಕರಿ, ಇಲ್ಲವಾದರೆ ಬಂದ ಗಂಡನ್ನು ಒಪ್ಪಿಕೊಳ್ಳಬೇಕು. ಹಾಗೆಂದು ಮನೆಯಲ್ಲಿ ಕರಾರಾಗಿತ್ತು. ಹುಡುಗಿ ಎರಡು ವರ್ಷ ಓದಿದ್ದಳು. ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲವೆಂದು ಹಾಲ್ ಟಿಕೆಟ್ಟಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಅಪ್ಪ ಮಗಳು ನಸುಕಿನಲ್ಲೇ ಕಾರಿನಲ್ಲಿ ಹೊರಟರು. ಜಹೀರಾಬಾದಿನಿಂದ ಮಾಸ್ತರು ಫೋನು ಮಾಡಿದರು.

“ಸೀದಾ ಹೈವೇದಾಗ ಬರ್ತೀನಿ ಭಾವಾರ. ಟೈಮು ಭಾಳ ಐತಿ.”

“ಪಟಾಂಚೆರುದಾಗ ಲಾರಿ ಸಾಲು ನಿಂತಿರತೈತಿ. ಮುಂದ ರಿಂಗ್ ರೋಡಿಗೆ ಟೋಲ್ ಬ್ಯಾರೆ. ಸಂಗಾರೆಡ್ಡಿ ದಾಟಿ ಶಂಕರಪಲ್ಲಿ ಒಳರಸ್ತಾ ಹಿಡೀರಿ. ನನ್ನ ರಸ್ತಾ ಅದು.”

“ನನಗ ಆ ರಸ್ತಾ ಗೊತ್ತಿಲ್ಲಲ್ರೀ.”

“ಬಾಯಿ ಐತೆಲ್ಲ ಮಾಸ್ತರ್ರ, ಕೇಳಕೋತ ಬರ್ರಿ.”

ಶಂಕರಪಲ್ಲಿ ದಾಟಿದ ಮೇಲೆ ದಾರಿ ಕವಲಾಗುತ್ತದೆ. ಅಲ್ಲೊಬ್ಬ ಹೆಂಗಸು ಹುಲ್ಲಿನ ಹೊರೆಯನ್ನು ತಲೆಯ ಮೇಲೆ ಎರಡೂ ಕೈಯಿಂದ ಹಿಡಿದು ನಡೆದಿದ್ದಳು. ಮಾಸ್ತರು ಹಿಂದಿಯಲ್ಲಿ ಕೇಳಿದರು. ಕೈ ಬಿಡಲಾಗದೆ ಅವಳು ಬಾಯಲ್ಲೇ ಹೇಳಿದಳು, “ಕುಡಿ ಚೇತಿಕಿ ತಿರುಗುಂಡ್ರಿ.” ಇವರು ಎಡಕ್ಕೆ ತಿರುಗಿದರು. ಆ ರಸ್ತೆ ಹೊಲಗಳ ನಡುವೆ ಹೋಗಿ ಹೋಗಿ ಕೊನೆಗೆ ಮಣ್ಣಿನ ಜಾಡಾಯಿತು. ಆಡು ಕಾಯುತ್ತಿದ್ದ ಮುದುಕನೊಬ್ಬ, “ಉಲ್ಟಾ ಆ ಗಯೇ ಸಾಬ್” ಎಂದ ಮೇಲೆ ಹಿಂತಿರುಗಿದರು.

ನಾನು ಕಾಲೇಜಿನ ಗೇಟಿನ ಹತ್ತಿರ ನಿಂತು, ಟೋಲಿಲ್ಲದೆ ನೆಂಟರನ್ನು ಕರೆಸಿಕೊಳ್ಳುತ್ತಿದ್ದೇನೆಂದು ಕಾವಲುಗಾರನ ಮುಂದೆ ಜಂಬ ಕೊಚ್ಚುತ್ತಿದ್ದೆ. ಅದೇ ಕಾವಲುಗಾರ ನನ್ನ ಕಣ್ಣೆದುರೇ ಗೇಟಿಗೆ ಬೀಗ ಹಾಕಿದ. ಆಮೇಲೆ ಕಾರು ಬಂತು. ನಾನು ಕೈಮುಗಿದೆ, ಬೈದೆ, ಮಿಲಿಟರಿ ಅಧಿಕಾರಿಯೆಂದು ಸುಳ್ಳು ಹೇಳಿದೆ. ಎಲ್ಲರಿಗೂ ಟೋಪಿ ಹಾಕಿದ ನನ್ನ ನಾಲಿಗೆ ಅವತ್ತು ಆ ಒಂದು ಬೀಗ ತೆಗೆಸಲಿಲ್ಲ.

ಮಾಸ್ತರು ಸಿಟ್ಟಾಗಲಿಲ್ಲ. “ಭಾವಾರ, ಕುಡಿ ಅಂದ್ರ ಎಡಕ್ಕ ಅಲ್ಲೇನ್ರಿ?” ಎಂದು ಪಾಠ ಕೇಳುವ ಹುಡುಗನಂತೆ ಕೇಳಿದರು. ನಾನು ಮತ್ತೆ ಕಾವಲುಗಾರನ ಕಡೆ ತಿರುಗಿದೆ. ಅವರಿಗೆ ತಿಳಿಯಿತು.

ಹುಡುಗಿ ಹಾಲ್ ಟಿಕೆಟ್ಟನ್ನು ಮಡಚುತ್ತಾ, “ಮಾಮಾ, ರಿಂಗ್ ರೋಡಿಗೆ ಟೋಲ್ ಎಷ್ಟ ಆಕ್ಕಿತ್ತು?” ಎಂದಳು.

“ಎರಡು ಪ್ಲೇಟ್ ಇಡ್ಲಿಯಷ್ಟವ್ವಾ.”

“ಹೌದಾ” ಎಂದಳು, ಅಷ್ಟೇ.

ಆ ವರ್ಷವೇ ಅವಳ ಮದುವೆಯಾಯಿತು. ಗಂಡ ಒಳ್ಳೆಯವನೋ ಕೆಟ್ಟವನೋ, ನನಗೆ ಯಾರೂ ಹೇಳುವುದಿಲ್ಲ. ತಂಗಿ ಹಬ್ಬಕ್ಕೆ ಫೋನು ಮಾಡುತ್ತಾಳೆ, ಹವಾಮಾನದ ಮಾತಾಡಿ ಇಡುತ್ತಾಳೆ. ದಾರಿ ಕೇಳಲು ಬಂದವರಿಗೆ ನಾನೀಗ, ನಾಕಾದಲ್ಲಿ ದುಡ್ಡು ಕೊಟ್ಟು ಹೋಗಿ ಎನ್ನುತ್ತೇನೆ. ಮುದುಕ ತಮಾಷೆ ಮಾಡುತ್ತಾನೆಂದು ನಗುತ್ತಾರೆ.

ಇದರಲ್ಲಿ ನಾನು ಕಟ್ಟಿದ್ದು ಒಂದೇ. ಆ ಹೆಂಗಸಿನ ತಲೆಯ ಮೇಲೆ ಹುಲ್ಲಿನ ಹೊರೆ ಇರಲಿಲ್ಲ. ಅವಳ ಕೈ ಖಾಲಿಯಿತ್ತು, ಬಲಗೈ ಚಾಚಿ ಬಲಕ್ಕೇ ತೋರಿಸಿದಳಂತೆ. ಹುಡುಗಿ, “ಅಪ್ಪಾ, ಆಕಿ ಬಲಕ್ಕ ತೋರಸಾಕತ್ತಾಳ” ಎಂದಳಂತೆ. ಮಾಸ್ತರು, “ಕುಡಿ ಅಂದಳಲ್ಲವ್ವಾ. ನಿಮ್ಮ ಮಾಮಾ ಮೂವತ್ತು ವರ್ಷದಿಂದ ಇಲ್ಲೇ ಅದಾರ, ಅವರಿಗೆ ಗೊತ್ತಿಲ್ಲೇನು?” ಎಂದು ಎಡಕ್ಕೆ ಹೊರಳಿಸಿದರಂತೆ.